ಮೇ 11ಕ್ಕೆ ಹಿಂದಿರುಗಿದ ರೂಟರ್

ಜುಲೈ ಮೂರನೇ ವಾರ ಹೊಸನಗರದ ಕಡೆ ಮಳೆ ಹೇಗಿರುತ್ತದೆ ಎಂದು ಅಲ್ಲಿಯವರಿಗೆ ಹೇಳಬೇಕಾಗಿಲ್ಲ. ಲೈನಿನ ಮೇಲೆ ಮರ ಬಿದ್ದು ಅಣ್ಣನ ಮನೆಗೆ ಎರಡು ದಿನ ಕರೆಂಟಿರಲಿಲ್ಲ. ಇನ್ವರ್ಟರ್ ಮೊದಲ ರಾತ್ರಿಯೇ ಕೈಚೆಲ್ಲಿತ್ತು. ಮೂರನೆಯ ದಿನ ಬೆಳಿಗ್ಗೆ ಅಣ್ಣ ಫೋನ್ ಮಾಡಿ, "ಕರೆಂಟು ಬಂತು ಮಾರಾಯ, ನಿನ್ನ ಪೆಟ್ಟಿಗೆಯ ದೀಪವೆಲ್ಲ ಉರಿಯುತ್ತಿವೆ" ಎಂದ. ಪೆಟ್ಟಿಗೆಯೆಂದರೆ ನಾನು ಅಲ್ಲಿಟ್ಟ ರೂಟರ್. ಶಿವಮೊಗ್ಗದ ನನ್ನ ಮನೆಯಲ್ಲಿ ಕುಳಿತು, ಅದರ ಮೂಲಕ ನೋಡುವ ಅಣ್ಣನ ಅಂಗಳದ ಕ್ಯಾಮೆರಾ ತೆರೆದೆ. ಪರದೆ ಕಪ್ಪಗಿತ್ತು. ಅಣ್ಣನ ಮೊಬೈಲಿಗೆ ಅದೇ ರೂಟರ್‌ನಿಂದ ವಾಟ್ಸ್‌ಆ್ಯಪ್ ಸಂದೇಶವೂ ಹೋಗುತ್ತಿರಲಿಲ್ಲ. ಮಾತನಾಡುತ್ತಿದ್ದದ್ದು ಮಾಮೂಲಿ ಕರೆಯಲ್ಲಿ. ದೀಪಗಳು ಮಾತ್ರ ಎಲ್ಲ ಸರಿಯಿದೆ ಎನ್ನುತ್ತಿದ್ದವು.

ದೀಪವನ್ನು ನಂಬಬಾರದು ಎಂಬುದು ನನಗೆ ಹೊಸ ಪಾಠವಲ್ಲ. ನಾನು ದೂರವಾಣಿ ಇಲಾಖೆಗೆ ತಂತ್ರಜ್ಞನಾಗಿ ಸೇರಿದ್ದು 1986ರಲ್ಲಿ, ಕಿತ್ತೂರಿನಲ್ಲಿ ಕೇಂದ್ರ ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್‌ನ ಮೊದಲ 128 ಪೋರ್ಟಿನ ಗ್ರಾಮೀಣ ಎಕ್ಸ್‌ಚೇಂಜ್ ಶುರುವಾದ ವರ್ಷ. 2000ದ ಅಕ್ಟೋಬರ್‌ನಲ್ಲಿ ಇಲಾಖೆ ಹೋಗಿ ಬಿಎಸ್‌ಎನ್‌ಎಲ್ ಎಂಬ ನಿಗಮವಾಯಿತು. 2020ರ ಜನವರಿ 31ರಂದು ಒಟ್ಟಿಗೇ ಸ್ವಯಂ ನಿವೃತ್ತಿ ಪಡೆದ ಆ ದೊಡ್ಡ ಗುಂಪಿನಲ್ಲಿ ನಾನೂ ಒಬ್ಬ. ಸುಮಾರು ಎರಡು ತಿಂಗಳಿಗೆ ಲಿನಕ್ಸ್ 5.6 ಬಂತು, ಎರಡು ಜಾಲಗಳ ನಡುವೆ ಗುಪ್ತ ದಾರಿ ಹಾಕುವ ವೈರ್‌ಗಾರ್ಡ್ ಲಿನಕ್ಸ್‌ನ ತಿರುಳಾದ ಕರ್ನೆಲ್‌ನೊಳಗೇ ಸೇರಿಕೊಂಡ ಮೊದಲ ಆವೃತ್ತಿ. ಲಾಕ್‌ಡೌನ್‌ನಲ್ಲಿ ಕೈಗೆ ಕೆಲಸವಿರಲಿಲ್ಲ. ಹಳೆಯ ರೂಟರ್‌ಗಳಿಗೆ ಓಪನ್‌ಡಬ್ಲ್ಯುಆರ್‌ಟಿ ಎಂಬ ಲಿನಕ್ಸ್ ತಂತ್ರಾಂಶ ಹಾಕುವ ಚಟ ಅಂಟಿಕೊಂಡಿದ್ದು ಆಗಲೇ. ಹೆಂಡತಿ ಇದನ್ನು ಎರಡನೆಯ ನೌಕರಿ ಎನ್ನುತ್ತಾಳೆ, ಸಂಬಳವಿಲ್ಲದ್ದು.

ಅಣ್ಣನ ಮನೆಗೆ ಕ್ಯಾಮೆರಾ ಬಂದದ್ದು ಅಡಿಕೆ ಕಳವಿನ ಭಯದಿಂದ. ಕೊನೆ ಕೊಯ್ಲಿನ ಹೊತ್ತಿನಲ್ಲಿ ಅಟ್ಟದ ಮೇಲೆ ಒಣಗುವ ಅಡಿಕೆಯೆಂದರೆ ವರ್ಷದ ದುಡಿಮೆ ಬಯಲಲ್ಲಿ ಹರವಿಟ್ಟ ಹಾಗೆ. ಅಣ್ಣನಿಗೆ ಎಪ್ಪತ್ತು ದಾಟಿದೆ, ಮೊಣಕಾಲು ನೋವು, ರಾತ್ರಿ ಎದ್ದು ನೋಡಲಾಗುವುದಿಲ್ಲ. ನಾಲ್ಕು ಕ್ಯಾಮೆರಾ, ಅದರ ರೆಕಾರ್ಡರ್ ಒಂದು. ಕ್ಯಾಮೆರಾ ಹಾಕಿದ ಹುಡುಗ ಮೊಬೈಲ್ ಆ್ಯಪ್‌ನಲ್ಲಿ ಎಲ್ಲಿ ಬೇಕಾದರೂ ನೋಡಬಹುದು ಎಂದ. ಹಾಗಾದರೆ ನಮ್ಮ ಅಂಗಳ ಯಾರ ಮನೆಯ ಮೇಲೆ ಹಾದು ನನ್ನ ಮೊಬೈಲಿಗೆ ಬರುತ್ತದೆ ಎಂದು ಕೇಳಿದೆ. ಅವನ ಬಳಿ ಉತ್ತರವಿರಲಿಲ್ಲ. ರೆಕಾರ್ಡರ್‌ಗೆ ಹೊರಗಿನ ದಾರಿಯನ್ನೇ ಮುಚ್ಚಿ, ನಮ್ಮ ಎರಡು ಮನೆಗಳ ನಡುವೆ ನಮ್ಮದೇ ಲೈನು ಎಳೆಯುವುದೆಂದು ತೀರ್ಮಾನಿಸಿದೆ.

ಇಂಥ ಲೈನಿಗೆ ವಿಪಿಎನ್ ಎಂದು ಹೆಸರು. ಆ ಹೆಸರು ಹೇಳಿದ ಕೂಡಲೇ ಬೀದಿಯ ಗೆಳೆಯರೊಬ್ಬರು ದನಿ ತಗ್ಗಿಸಿ, "ಅದು ಕಾನೂನುಬಾಹಿರ ಅಲ್ಲವೇ?" ಎಂದು ಕೇಳಿದರು. ಜನರ ಮನಸ್ಸಿನಲ್ಲಿ ವಿಪಿಎನ್ ಎಂದರೆ ಮುಖಕ್ಕೆ ಮುಸುಕು ಹಾಕಿಕೊಂಡು ನೋಡಬಾರದ್ದನ್ನು ನೋಡುವುದು. 2022ರ ಏಪ್ರಿಲ್‌ನಲ್ಲಿ ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ನಿರ್ದೇಶನ, ಸಾರ್ವಜನಿಕರಿಗೆ ವಿಪಿಎನ್ ಸೇವೆ ಮಾರುವವರು ಗ್ರಾಹಕರ ವಿವರಗಳನ್ನು ಐದು ವರ್ಷ ಇಟ್ಟುಕೊಳ್ಳಬೇಕು ಎನ್ನುತ್ತದೆ. ನಾನು ಮಾರುವವನೂ ಅಲ್ಲ, ಕೊಳ್ಳುವವನೂ ಅಲ್ಲ. ಮೊದಲು ಬ್ಯಾಂಕಿನ ಶಾಖೆಗಳ ನಡುವೆ ಲೀಸ್ಡ್ ಲೈನ್ ಕೊಡುತ್ತಿದ್ದೆವಲ್ಲ, ಇದು ಅದೇ. ತಂತಿ ಮಾತ್ರ ಊರೆಲ್ಲರದ್ದು, ಅದರೊಳಗಿನ ಕೊಳವೆ ನಮ್ಮದು.

ಮೊದಲ ಅಡ್ಡಿ ಊರಿನ ಫೈಬರ್‌ನದು. ರೂಟರ್‌ನ ಸ್ಥಿತಿ ಪುಟದಲ್ಲಿ ಹೊರಗಿನ ವಿಳಾಸ 100.72 ಎಂದು ಶುರುವಾಗುತ್ತಿತ್ತು. 100.64ರಿಂದ 100.127ರವರೆಗಿನ ವಿಳಾಸಗಳನ್ನು 2012ರಲ್ಲಿ ಇಂಟರ್ನೆಟ್ ಕೊಡುವವರ ಒಳಬಳಕೆಗೆಂದೇ ಎತ್ತಿಟ್ಟಿದ್ದಾರೆ. ಸಿಜಿನ್ಯಾಟ್ ಎನ್ನುತ್ತಾರೆ. ಒಂದೇ ನಿಜವಾದ ವಿಳಾಸದ ಹಿಂದೆ ಎಷ್ಟೋ ಮನೆಗಳು. ದೊಡ್ಡ ಕಚೇರಿಯ ಎಕ್ಸ್‌ಟೆನ್ಷನ್ ಇದ್ದ ಹಾಗೆ: ಒಳಗಿನಿಂದ ಸೊನ್ನೆ ಒತ್ತಿ ಹೊರಗೆ ಮಾತನಾಡಬಹುದು, ಹೊರಗಿನವರು ನೇರವಾಗಿ ನಿಮ್ಮ ಮೇಜಿನ ಫೋನಿಗೆ ಬರಲಾರರು. ಇದು ತಿಳಿಯದೆ, ಹೊರಗಿನಿಂದ ಬಂದವರನ್ನು ಒಳಗಿನ ಸಾಧನಕ್ಕೆ ಕಳಿಸುವ ಪೋರ್ಟ್ ಫಾರ್ವರ್ಡಿಂಗ್ ಪುಟದಲ್ಲಿ ಸಂಜೆಗಟ್ಟಲೆ ತಲೆ ಚಚ್ಚಿಕೊಳ್ಳುವವರನ್ನು ಬಹಳ ನೋಡಿದ್ದೇನೆ. ಸಾಧನ ಕೊಂಡುಕೊಳ್ಳುವ ಮೊದಲು ಆ ವಿಳಾಸ ನೋಡಿ, ಅಷ್ಟೇ.

ಆದ್ದರಿಂದ ಕರೆ ಮಾಡುವ ಕೆಲಸ ಊರಿನದು, ಎತ್ತಿಕೊಳ್ಳುವುದು ಶಿವಮೊಗ್ಗದ್ದು. ಶಿವಮೊಗ್ಗದ ಸಂಪರ್ಕಕ್ಕೆ ಸ್ವಲ್ಪ ಹೆಚ್ಚು ಹಣ ಕಟ್ಟಿ ಬದಲಾಗದ ವಿಳಾಸ ತೆಗೆದುಕೊಂಡೆ, ಕರೆ ಬರಲು ಯುಡಿಪಿ 51820 ಎಂಬ ಪೋರ್ಟ್, ಅಂದರೆ ಬಾಗಿಲು, ತೆರೆದೆ. ಊರಿನ ರೂಟರ್ ಅಲ್ಲಿಗೆ ಕರೆ ಮಾಡಿ, 25 ಸೆಕೆಂಡಿಗೊಮ್ಮೆ ಒಂದು ಖಾಲಿ ಪ್ಯಾಕೆಟ್ ಕಳಿಸುತ್ತಿರುತ್ತದೆ. ಆ ಕೆಮ್ಮು ಇಲ್ಲದಿದ್ದರೆ ನಡುವಿನ ಸಿಜಿನ್ಯಾಟ್ ಇವರು ಮಾತು ಮುಗಿಸಿದರೆಂದು ದಾರಿಯನ್ನು ಅಳಿಸಿಬಿಡುತ್ತದೆ.

ರೂಟರ್‌ಗಳಲ್ಲಿ ಕಾರ್ಖಾನೆಯಿಂದಲೇ ಬರುವ ಪುಟದಲ್ಲೂ ಪಿಪಿಟಿಪಿ, ಎಲ್2ಟಿಪಿ ಎಂಬ ಹಳೆಯ ವಿಪಿಎನ್ ವಿಧಾನಗಳ ಹೆಸರುಗಳಿರುತ್ತವೆ. ಪಿಪಿಟಿಪಿಯನ್ನು ಮುಟ್ಟಬೇಡಿ, ಅದರ ಬೀಗ ಒಡೆಯುವುದನ್ನು 2012ರಲ್ಲೇ ಎಲ್ಲರೆದುರು ತೋರಿಸಿದ್ದಾರೆ. ಓಪನ್‌ವಿಪಿಎನ್ ಗಟ್ಟಿ, ಆದರೆ ಎರಡು ಸಾವಿರ ರೂಪಾಯಿಯ ರೂಟರ್‌ನ ಸಣ್ಣ ಪ್ರೊಸೆಸರ್‌ಗೆ ಅದು ಭಾರದ ಮೂಟೆ. ವೈರ್‌ಗಾರ್ಡ್ ಹಗುರ. ಹೊಂದಿಸಬೇಕಾದದ್ದು ಬೆರಳೆಣಿಕೆಯಷ್ಟು: ಎರಡು ಕಡೆಯ ಕೀಲಿ, ವಿಳಾಸ, ಆಚೆ ಯಾವ ಯಾವ ವಿಳಾಸಗಳಿಗೆ ಈ ದಾರಿ ಎಂಬ ಪಟ್ಟಿ. ಸಾರ್ವಜನಿಕ ಕೀಲಿಯನ್ನು ಆಚೆಯ ರೂಟರ್‌ಗೆ ಕೊಡಬೇಕು, ಖಾಸಗಿ ಕೀಲಿ ಹುಟ್ಟಿದ ರೂಟರ್ ಬಿಟ್ಟು ಕದಲಬಾರದು.

ಇಷ್ಟು ಸರಳವಾದದ್ದರಲ್ಲಿ ನಾನು ಎಷ್ಟು ಎಡವಿದೆ ಎನ್ನುವುದನ್ನೂ ಹೇಳಿಬಿಡುತ್ತೇನೆ.

ಎರಡೂ ಮನೆಯ ರೂಟರ್‌ಗಳು 192.168.1 ಎಂಬ ಒಂದೇ ಬೀದಿಯಲ್ಲಿ ವಾಸವಾಗಿದ್ದವು. ಶಿವಮೊಗ್ಗದ ರೂಟರ್‌ಗೆ ಊರಿನ ರೆಕಾರ್ಡರ್‌ನ ವಿಳಾಸವಾದ 192.168.1.64ಕ್ಕೆ ಹೋಗು ಎಂದರೆ ಅದು ವೈರ್‌ಗಾರ್ಡ್‌ನ ಸುರಂಗದ ಕಡೆ ತಿರುಗಿಯೂ ನೋಡದೆ ನಮ್ಮ ಪಡಸಾಲೆಯಲ್ಲೇ ಹುಡುಕುತ್ತದೆ. ಊರಿನದನ್ನು 192.168.20 ಮಾಡಿದೆ. ರೆಕಾರ್ಡರ್‌ಗೆ ವಿಳಾಸವನ್ನು ಕೈಯಾರೆ ಕೊಟ್ಟಿದ್ದರು, ಅದನ್ನೂ 192.168.20.64 ಎಂದು ಬದಲಿಸಿದೆ. ಊರಿನ ರೂಟರ್‌ನಿಂದ ಪಿಂಗ್ ಮಾಡಿದರೆ, ಅಂದರೆ ಇದ್ದೀಯಾ ಎಂದು ಕೇಳಿದರೆ, ಉತ್ತರ ಬರುತ್ತದೆ, ಶಿವಮೊಗ್ಗದಿಂದ ಮಾಡಿದರೆ ಇಲ್ಲ. ಅರ್ಧ ದಿನ, ಬೇಡದವರನ್ನು ತಡೆಯುವ ಫೈರ್‌ವಾಲ್ ಮೇಲೆ ಗುಮಾನಿಪಟ್ಟೆ. ಕೊನೆಗೆ ನೋಡಿದರೆ ರೆಕಾರ್ಡರ್‌ನ ಗೇಟ್‌ವೇ, ಅಂದರೆ ಹೊರಹೋಗುವ ಬಾಗಿಲಿನ ವಿಳಾಸ, ಹಳೆಯ 192.168.1.1 ಆಗಿಯೇ ಉಳಿದಿತ್ತು. ಪಕ್ಕದ ಮನೆಯವರು ಕೂಗಿದರೆ ಓಗೊಡುತ್ತಿತ್ತು, ದೂರದ ಕಾಗದಕ್ಕೆ ಉತ್ತರ ಬರೆದು ಇಲ್ಲದ ಅಂಚೆಪೆಟ್ಟಿಗೆಗೆ ಹಾಕುತ್ತಿತ್ತು.

ಇನ್ನೊಂದು, ಊರಿನ ಕಡೆಯ ವಿಳಾಸಪಟ್ಟಿಯಲ್ಲಿ ಎಲ್ಲೋ ನೋಡಿದ್ದನ್ನು ನಕಲು ಮಾಡಿ 0.0.0.0/0 ಎಂದು ಹಾಕಿದ್ದು. ಅಂದರೆ ಜಗತ್ತಿನ ಎಲ್ಲ ದಾರಿಯೂ ಶಿವಮೊಗ್ಗದ ಮೇಲೆಯೇ. ಎರಡು ದಿನ ಬಿಟ್ಟು ಅತ್ತಿಗೆ ಫೋನ್ ಮಾಡಿ, ಟಿವಿಯಲ್ಲಿ ಯಕ್ಷಗಾನ ಹಾಕಿದರೆ ಭಾಗವತರು ಪದದ ನಡುವೆ ಬಾಯಿ ತೆರೆದು ನಿಂತುಬಿಡುತ್ತಾರೆ ಎಂದರು. ಪಟ್ಟಿಯನ್ನು ನಮ್ಮ ಮನೆಯ 192.168.1.0/24 ಮತ್ತು ಸುರಂಗದ 10.20.0.0/24ಕ್ಕೆ ಇಳಿಸಿದ ಮೇಲೆ ಭಾಗವತರಿಗೆ ಉಸಿರು ಬಂತು.

ಕೀಲಿಯದು ಬೇರೆಯೇ ಕಥೆ. ಊರಿನಿಂದ ಹಿಂದಿರುಗಿದ ಮೇಲೆ ಅಲ್ಲಿಯ ಸಾರ್ವಜನಿಕ ಕೀಲಿಯನ್ನು ಬರೆದುಕೊಂಡಿಲ್ಲ ಎಂದು ಗೊತ್ತಾಯಿತು. ಅಣ್ಣನ ಮೊಮ್ಮಗ ಪರದೆಯ ಫೋಟೊ ಕಳಿಸಿದ. 44 ಅಕ್ಷರ, ಕೊನೆಯದು ಸಮಚಿಹ್ನೆ. ಕನ್ನಡಕ ಏರಿಸಿ ಇಳಿಸಿ ಟೈಪ್ ಮಾಡಿದೆ. ಉಳಿಸು ಎಂದಾಗ ರೂಟರ್ ತಕರಾರಿಲ್ಲದೆ ಉಳಿಸಿಕೊಂಡಿತು. ಆದರೆ ಎರಡು ರೂಟರ್‌ಗಳು ಗುರುತು ಹಿಡಿದು ಕೈಕುಲುಕುವ ಹ್ಯಾಂಡ್‌ಶೇಕ್ ಇಲ್ಲ. ತಪ್ಪು ಕೀಲಿ ಎಂದು ವೈರ್‌ಗಾರ್ಡ್ ಹೇಳುವುದಿಲ್ಲ. ಗುರುತಿಲ್ಲದವರು ತಟ್ಟಿದರೆ ಮನೆಯಲ್ಲಿ ಯಾರೂ ಇಲ್ಲವೆಂಬಂತೆ ಸುಮ್ಮನಿರುವುದು ಅದರ ಧರ್ಮ. ದೂರವಾಣಿಯಲ್ಲಿ ಬೆಳೆದ ನನಗೆ ಈ ಮೌನವೇ ಎಲ್ಲಕ್ಕಿಂತ ಕಷ್ಟ. ಅಲ್ಲಿ ಡಯಲ್ ಟೋನ್ ಇತ್ತು, ಎಂಗೇಜ್ ಟೋನ್ ಇತ್ತು, ಕೇಬಲ್‌ಗೆ ನೀರು ಹೊಕ್ಕರೆ ಗೊರಗೊರ ಇತ್ತು. ಕಿವಿ ಇಟ್ಟರೆ ಎಲ್ಲಿ ಕೆಟ್ಟಿದೆ ಎಂದು ಅರ್ಧ ಗೊತ್ತಾಗುತ್ತಿತ್ತು. ಹುಡುಗನಿಗೆ ಫೋನ್ ಮಾಡಿ ಒಂದೊಂದೇ ಅಕ್ಷರ ಓದಿಸಿದೆ. ಹತ್ತೊಂಬತ್ತನೆಯದಕ್ಕೆ ಬಂದಾಗ ನಾನು "ದೊಡ್ಡ ಐ" ಎಂದೆ. "ಇಲ್ಲ ಅಜ್ಜ, ಸಣ್ಣ ಎಲ್" ಎಂದ. ಎರಡೂ ಒಂದು ಉದ್ದ ಗೆರೆ. ಈಗ ಕೀಲಿಗಳನ್ನು ಅಕ್ಷರವಾಗಿಯೇ ನಕಲಿಸಿ ಕಳಿಸುವಂತೆ ಹೇಳುತ್ತೇನೆ. ಸಾರ್ವಜನಿಕ ಕೀಲಿ ಯಾರ ಕಣ್ಣಿಗೆ ಬಿದ್ದರೂ ನಷ್ಟವಿಲ್ಲ.

ಜನವರಿಯಿಂದ ಜುಲೈವರೆಗೆ ಲೈನು ಒಮ್ಮೆಯೂ ಸತ್ತಿರಲಿಲ್ಲ. ಸಣ್ಣಪುಟ್ಟ ಕರೆಂಟು ಕಡಿತವನ್ನು ಇನ್ವರ್ಟರ್ ನುಂಗಿಕೊಳ್ಳುತ್ತಿತ್ತು. ಜುಲೈನಲ್ಲಿ ರೂಟರ್ ಮೊದಲ ಬಾರಿಗೆ ಪೂರ್ತಿ ಆರಿ ಹೊತ್ತಿಕೊಂಡಿತ್ತು.

ಲೈನ್‌ಮ್ಯಾನ್ ಬುದ್ಧಿ ಎರಡು ತುದಿಯಿಂದ ಶುರುವಾಗುತ್ತದೆ. ಶಿವಮೊಗ್ಗದ ರೂಟರ್‌ನಲ್ಲಿ, ಹಾದುಹೋಗುವ ಪ್ಯಾಕೆಟ್‌ಗಳನ್ನು ತೋರಿಸುವ ಟಿಸಿಪಿಡಂಪ್ ಹಾಕಿ 51820ಕ್ಕೆ ಏನು ಬರುತ್ತಿದೆ ಎಂದು ನೋಡುತ್ತ ಕುಳಿತೆ. ಐದು ಸೆಕೆಂಡಿಗೊಮ್ಮೆ ಒಂದು ಸಾಲು. ಉದ್ದ 148. ಮತ್ತೆ ಐದು ಸೆಕೆಂಡು, ಮತ್ತೆ 148. ವೈರ್‌ಗಾರ್ಡ್‌ನ ಹ್ಯಾಂಡ್‌ಶೇಕ್‌ಗೆ ಮೊದಲ ಕೈ ಚಾಚುವ ಪ್ಯಾಕೆಟ್ 148 ಬೈಟು. ಅದಕ್ಕೆ ಮರುಕೈ 92. ಅಣ್ಣನಿಗೆ ಪೆಟ್ಟಿಗೆಯ ಸ್ವಿಚ್ ಆರಿಸಲು ಹೇಳಿದೆ. ಸಾಲುಗಳು ನಿಂತವು. ಹಾಕಿಸಿದೆ. ಒಂದೆರಡು ನಿಮಿಷದಲ್ಲಿ ಮತ್ತೆ 148, 148, 148. ಊರಿನಿಂದಲೇ ಬರುತ್ತಿದೆ, ನಮ್ಮ ಬಾಗಿಲನ್ನೇ ತಟ್ಟುತ್ತಿದೆ. 92ರ ಸಾಲು ಒಂದೂ ಇಲ್ಲ. ಕದ ತೆಗೆಯದೆ ಕುಳಿತಿರುವುದು ನನ್ನ ರೂಟರ್.

ಕೀಲಿ ಬದಲಾಗಿಲ್ಲ. ಫೈರ್‌ವಾಲ್ ಮುಟ್ಟಿಲ್ಲ. ನನ್ನ ಮೊಬೈಲ್ ಹೊರಗಿನಿಂದ ಅದೇ ಪೋರ್ಟಿಗೆ ಸಲೀಸಾಗಿ ಬರುತ್ತಿದೆ. ಊಟದ ಹೊತ್ತು ಮೀರಿತ್ತು, ಒಳಗಿನಿಂದ ಎರಡು ಸಲ ಕರೆ ಬಂದಿತ್ತು. ಬೇಸತ್ತು ಶಿವಮೊಗ್ಗದ ಸುರಂಗವನ್ನೇ ಒಮ್ಮೆ ಇಳಿಸಿ ಏರಿಸಿದೆ. ತಕ್ಷಣ 148ರ ಹಿಂದೆಯೇ 92 ಬಂತು, ಕ್ಯಾಮೆರಾದಲ್ಲಿ ಅಣ್ಣನ ಅಂಗಳ, ಮಳೆ, ಹಾಳೆಯ ರಾಶಿ.

ಬೇರೆಯವರಾಗಿದ್ದರೆ ಅಲ್ಲಿಗೆ ಬಿಟ್ಟು ಊಟಕ್ಕೆ ಹೋಗುತ್ತಿದ್ದರು. ತಾನಾಗಿ ಸರಿಹೋದ ಲೈನು ತಾನಾಗಿಯೇ ಕೆಡುತ್ತದೆ ಎಂದು ನನ್ನ ಮೊದಲ ಮೇಲಧಿಕಾರಿ ದೂರಿನ ಪುಸ್ತಕ ಮುಚ್ಚಲು ಬಿಡುತ್ತಿರಲಿಲ್ಲ. ಸುರಂಗದ ಮೂಲಕವೇ ಊರಿನ ರೂಟರ್‌ಗೆ ಹೋಗಿ ಅದರ ಲಾಗ್, ಅಂದರೆ ದಿನಚರಿ, ತೆರೆದೆ. ಮೊದಲ ಪುಟಗಳ ಸಾಲುಗಳಿಗೆಲ್ಲ ಮೇ 11ರ ತಾರೀಕು. ಎಲ್ಲವೂ ಮೇ 11ರ ಸಂಜೆ. ಅಲ್ಲಿಂದ ಒಂದೇ ಜಿಗಿತಕ್ಕೆ ಜುಲೈ.

ಅಗ್ಗದ ರೂಟರ್‌ಗಳೊಳಗೆ ಗಡಿಯಾರವನ್ನು ಜೀವಂತ ಇಡುವ ಬ್ಯಾಟರಿ ಇರುವುದಿಲ್ಲ. ಕರೆಂಟು ಹೋದರೆ ಅದಕ್ಕೆ ಇಂದು ಯಾವ ದಿನವೆಂಬುದೇ ಮರೆತುಹೋಗುತ್ತದೆ. ಎಚ್ಚರವಾದಾಗ ಓಪನ್‌ಡಬ್ಲ್ಯುಆರ್‌ಟಿ ಒಂದು ಉಪಾಯ ಮಾಡುತ್ತದೆ: ತನ್ನ ಸೆಟ್ಟಿಂಗ್ ಕಡತಗಳಲ್ಲಿ ಕೊನೆಯದಾಗಿ ಬದಲಾದದ್ದು ಯಾವಾಗ ಎಂದು ನೋಡಿ, ಅದನ್ನೇ ಸದ್ಯದ ಸಮಯವೆಂದು ಇಟ್ಟುಕೊಳ್ಳುತ್ತದೆ. ಆಮೇಲೆ ಸಮಯ ತಿಳಿಸುವ ಎನ್‌ಟಿಪಿ ಎಂಬ ವ್ಯವಸ್ಥೆಯ ಮೂಲಕ ಹೊರಗಿನವರನ್ನು ಕೇಳಿ ತಿದ್ದಿಕೊಳ್ಳುತ್ತದೆ. ಇತ್ತ ವೈರ್‌ಗಾರ್ಡ್‌ನ ಆ 148 ಬೈಟಿನೊಳಗೆ ಕರೆ ಮಾಡಿದ ಸಮಯವೂ ಮುದ್ರೆಯಾಗಿರುತ್ತದೆ. ಯಾರಾದರೂ ಹಳೆಯ ಪ್ಯಾಕೆಟ್ಟನ್ನು ಹಿಡಿದಿಟ್ಟುಕೊಂಡು ಮತ್ತೆ ಬಿಟ್ಟರೆ ಮೋಸ ಹೋಗಬಾರದೆಂದು, ಒಬ್ಬರಿಂದ ಬಂದ ಕೊನೆಯ ಮುದ್ರೆಗಿಂತ ಹಿಂದಿನದನ್ನು ಎದುರಿನವರು ಮಾತಿಲ್ಲದೆ ಎಸೆಯುತ್ತಾರೆ. ಶಿವಮೊಗ್ಗ ಊರಿನಿಂದ ಜುಲೈ ತಿಂಗಳ ಕರೆ ಸ್ವೀಕರಿಸಿತ್ತು. ಈಗ ಮೇ 11ರ ಕರೆ ಬಂದರೆ ಹೇಗೆ ನಂಬುವುದು? ಸುರಂಗ ಇಳಿಸಿ ಏರಿಸಿದಾಗ ಆ ನೆನಪು ಅಳಿಸಿತು, ಮೇ 11ನ್ನೂ ಒಪ್ಪಿಕೊಂಡಿತು.

ಹಾಗಾದರೆ ಇಂಟರ್ನೆಟ್ ಬಂದ ಕೂಡಲೇ ಊರಿನ ರೂಟರ್ ಗಡಿಯಾರ ತಿದ್ದಿಕೊಳ್ಳಬೇಕಿತ್ತಲ್ಲ? ಇಲ್ಲಿಯೇ ನನ್ನ ಕೈಚಳಕ. ಮೇ 11ರ ಸಂಜೆ ನಾನು ಏನು ಮಾಡಿದ್ದೆ ಎಂದು ನೋಟ್‌ಬುಕ್ ತಿರುವಿದೆ. ನನ್ನದೇ ಅಕ್ಷರದಲ್ಲಿ ಇತ್ತು: "ಊರಿನ ಡಿಎನ್‌ಎಸ್ ಶಿವಮೊಗ್ಗಕ್ಕೆ. ಅಣ್ಣನಿಗೆ ಜಾಹೀರಾತು ಕಾಟ." ಶಿವಮೊಗ್ಗದಲ್ಲಿ ಜಾಹೀರಾತು ಸೋಸುವ ಜಾಲರಿ ಹಾಕಿದ್ದೆ, ಊರಿಗೂ ಅದರ ಲಾಭವಾಗಲಿ ಎಂದು ಅಲ್ಲಿಯ ಡಿಎನ್‌ಎಸ್ ಕೆಲಸವನ್ನೆಲ್ಲ, ಅಂದರೆ ಜಾಲತಾಣದ ಹೆಸರಿಗೆ ವಿಳಾಸ ಹುಡುಕುವುದನ್ನೆಲ್ಲ, ಸುರಂಗದ ಮೂಲಕ ಇಲ್ಲಿಗೆ ತಿರುಗಿಸಿದ್ದೆ. ಗಡಿಯಾರ ಸರಿಯಾಗಲು ಎನ್‌ಟಿಪಿ ಬೇಕು. ಎನ್‌ಟಿಪಿಯ ಹೆಸರಿಗೆ ವಿಳಾಸ ಸಿಗಲು ಡಿಎನ್‌ಎಸ್ ಬೇಕು. ಡಿಎನ್‌ಎಸ್‌ಗೆ ಸುರಂಗ ಬೇಕು. ಸುರಂಗಕ್ಕೆ ಗಡಿಯಾರ ಬೇಕು. ಅಣ್ಣನಿಗೆ ವಾಟ್ಸ್‌ಆ್ಯಪ್ ಹೋಗದಿದ್ದದ್ದೂ ಇದರಿಂದಲೇ. ದಾರಿ ಇತ್ತು, ವಿಳಾಸ ಹೇಳುವವರಿರಲಿಲ್ಲ. ಹುಚ್ಚು ಬಿಡದ ಹೊರತು ಮದುವೆಯಾಗದು, ಮದುವೆಯಾಗದ ಹೊರತು ಹುಚ್ಚು ಬಿಡದು.

ತಿದ್ದಿದ್ದು ಒಂದೇ ಸಾಲು. ಸಮಯ ಕೇಳುವ ಆ ಹೆಸರುಗಳಿಗೆ ಮಾತ್ರ ಸ್ಥಳೀಯ ಫೈಬರ್‌ನವರ ಡಿಎನ್‌ಎಸ್ ಎಂದು ಊರಿನ ರೂಟರ್‌ಗೆ ಹೇಳಿದೆ. ಸುರಂಗ ಬಿದ್ದರೂ ಮನೆಯ ಮೊಬೈಲ್‌ಗಳು ಕುರುಡಾಗದಂತೆ ಎರಡನೆಯ ಡಿಎನ್‌ಎಸ್ ಒಂದನ್ನೂ ಕೊಟ್ಟೆ. ಆಗಾಗ ಅದರ ದಾರಿಯಲ್ಲಿ ಜಾಹೀರಾತು ನುಸುಳುತ್ತದೆ, ಇರಲಿ. ಅಣ್ಣನಿಗೆ ಇನ್ವರ್ಟರ್ ಸಮೇತ ಎಲ್ಲವನ್ನೂ ಹತ್ತು ನಿಮಿಷ ಆರಿಸಿಡಲು ಹೇಳಿದೆ. "ಅತ್ತಿಗೆ ಮಿಕ್ಸಿಯಲ್ಲಿ ಚಟ್ನಿ ಹಾಕಿದ್ದಾಳೆ, ಕಾಯಬೇಕು" ಎಂದ. ಕಾದೆ. ಆರಿಸಿ ಹಾಕಿದ ಮೇಲೆ ಸಾಲುಗಳನ್ನು ನೋಡುತ್ತ ಕುಳಿತೆ: 148, 148, 148, ಉತ್ತರವಿಲ್ಲ. ನಾಲ್ಕನೆಯದಕ್ಕೆ 92.

ಈಗ ಈ ಸುರಂಗಕ್ಕೆ ಒಟ್ಟು ಐದು ಕೀಲಿಗಳಿವೆ. ಊರಿನ ರೂಟರ್, ನನ್ನ ಮೊಬೈಲ್, ಬೆಂಗಳೂರಿನ ಮಗಳ ಮೊಬೈಲ್, ಲ್ಯಾಪ್‌ಟಾಪ್, ಅಳಿಯನದ್ದೊಂದು. ಮಗಳು ಮೊದಲು ಒಂದೇ ಸಂರಚನೆಯನ್ನು ಮೊಬೈಲಿಗೂ ಲ್ಯಾಪ್‌ಟಾಪಿಗೂ ಹಾಕಿಕೊಂಡಿದ್ದಳು. ಒಂದು ಕೀಲಿ ಎರಡು ಕಡೆಯಿಂದ ಮಾತನಾಡಿದರೆ ವೈರ್‌ಗಾರ್ಡ್ ಕೊನೆಯದಾಗಿ ಕೇಳಿಸಿದ ಕಡೆಗೇ ಉತ್ತರ ಕಳಿಸುತ್ತದೆ. ಎರಡೂ ಒಂದರ ಬಾಯಿಂದ ಇನ್ನೊಂದು ತುತ್ತು ಕಿತ್ತುಕೊಳ್ಳುತ್ತಿದ್ದವು. ಸಾಧನಕ್ಕೊಂದು ಕೀಲಿ ಎಂಬ ನಿಯಮ ಮಾಡಿದ್ದೇನೆ. ಅಳಿಯ ಮೊಬೈಲ್ ಕಳೆದುಕೊಂಡ ದಿನ ಅವನ ಸಾಲನ್ನು ಅಳಿಸಲು ಅರ್ಧ ನಿಮಿಷ ಸಾಕಾಯಿತು, ಉಳಿದ ಯಾರಿಗೂ ತೊಂದರೆಯಾಗಲಿಲ್ಲ. ಯಾವ ಕೀಲಿ ಯಾರದು, ಎಂದು ಕೊಟ್ಟದ್ದು ಎಂದು ನೋಟ್‌ಬುಕ್‌ನಲ್ಲಿ ಬರೆದಿಡುತ್ತೇನೆ. ಪರದೆಯಲ್ಲಿ ಎಲ್ಲ ಇದೆಯಲ್ಲ ಎಂದು ಮಗಳು ನಗುತ್ತಾಳೆ. ಮೇ 11ನ್ನು ನನಗೆ ನೆನಪಿಸಿದ್ದು ನೋಟ್‌ಬುಕ್, ಪರದೆಯಲ್ಲ.

ಇಷ್ಟೆಲ್ಲ ಮುಗಿಯಿತೆಂದುಕೊಂಡಿದ್ದೆ. ಕಳೆದ ವಾರ ಅಣ್ಣ ಫೋನ್ ಮಾಡಿದ. ಅಟ್ಟಕ್ಕೆ ಮಂಗಗಳು ಬಂದಿದ್ದವಂತೆ, ರೆಕಾರ್ಡರ್‌ನಲ್ಲಿ ಹುಡುಕಿದರೆ ಆ ಹೊತ್ತಿನಲ್ಲಿ ಅಂಗಳ ಖಾಲಿ. "ಅವು ಬಂದದ್ದು ಮೂರೂವರೆಗೆ, ನಾನು ಚಹಾ ಕುಡಿಯುತ್ತಿದ್ದೆ. ನಿನ್ನ ಪೆಟ್ಟಿಗೆ ಮೂರೂ ಹತ್ತೊಂಬತ್ತು ಎನ್ನುತ್ತಿದೆ." ನೋಡಿದೆ. ರೆಕಾರ್ಡರ್‌ನ ಗಡಿಯಾರ ಹನ್ನೊಂದು ನಿಮಿಷ ಹಿಂದಿತ್ತು. ಅದಕ್ಕೆ ಹೊರಗಿನ ದಾರಿ ಮುಚ್ಚಿದವನು ನಾನೇ. ಸಮಯ ಕೇಳಲು ಅದಕ್ಕೆ ಯಾರೂ ಇರಲಿಲ್ಲ. ಊರಿನ ರೂಟರ್‌ನಲ್ಲೇ ಎನ್‌ಟಿಪಿ ಸೇವೆ ತೆರೆದು, ರೆಕಾರ್ಡರ್‌ಗೆ 192.168.20.1ನ್ನು ಕೇಳು ಎಂದು ಬರೆದೆ. ಮರುದಿನ ಮಂಗಗಳು ಬಂದಾಗ ಅಣ್ಣ ಗೋಡೆ ಗಡಿಯಾರ ನೋಡಿ ಫೋನ್ ಮಾಡಿದ. ನಾನು ಪರದೆ ನೋಡಿ ಹೇಳಿದೆ: ಮೂರು ಇಪ್ಪತ್ತೆಂಟು. "ಎರಡು ನಿಮಿಷ ವ್ಯತ್ಯಾಸ ಇದೆ" ಎಂದ. ಗೋಡೆ ಗಡಿಯಾರ ಅಪ್ಪನ ಕಾಲದ್ದು, ಅದನ್ನು ಸರಿಮಾಡು ಎಂದು ನಾನು ಹೇಳಲಿಲ್ಲ.